ಲೆಕ್ಕಕ್ಕೆ ಬಾರದ ನುಚ್ಚು

ಅಡುಗೆಮನೆಯಲ್ಲಿ ಜೋಳದ ನುಚ್ಚು ಕುದಿಯುತ್ತಿದೆ. ಅನ್ನ ಕುದಿಯುವ ವಾಸನೆಯಲ್ಲಿ ಒಂದು ಅವಸರವಿರುತ್ತದೆ, ಯಾರೋ ಬಾಗಿಲು ತಟ್ಟಿದ ಹಾಗೆ. ನುಚ್ಚಿಗೆ ಅದಿಲ್ಲ. ಮೊದಲು ಒದ್ದೆ ಗೋಣಿಚೀಲದ ವಾಸನೆ, ಆಮೇಲೆ ಹನಿ ಬಿದ್ದ ಎರೆಮಣ್ಣಿನದು, ತುಸು ತಾಳಿಕೊಂಡರೆ ಕೊನೆಗೆ ಕಾಯಿಸಿದ ಹಾಲಿನದು. ನಾನು ಹೊರಗೆ ಹೋಗುವಾಗ ಉಟ್ಟ ಸೀರೆಯನ್ನೂ ಬದಲಿಸದೆ ಪಡಸಾಲೆಯ ಕುರ್ಚಿಯಲ್ಲಿ ಕುಳಿತಿದ್ದೇನೆ. ತೊಡೆಯ ಮೇಲಿರುವ ಪರ್ಸಿನಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದವಿದೆ.

ಕಾಗದ ಕೊಟ್ಟ ಡಾಕ್ಟರು ಇನ್ನೂ ಹುಡುಗಿ. ನನ್ನ ರಕ್ತದ ರಿಪೋರ್ಟಿನ ಮೇಲೆ ಪೆನ್ನಿನಿಂದ ಒಂದು ವೃತ್ತ ಎಳೆದು, “ಆಂಟಿ, ಸಕ್ಕರಿ ಸುರು ಆಗೇದರಿ. ಇವತ್ತಿಂದನ ಲೋ ಕಾರ್ಬ್ ಮಾಡ್ರಿ. ಅಂದ್ರ ರೊಟ್ಟಿ, ಅನ್ನ, ಅವಲಕ್ಕಿ ಎಲ್ಲಾ ಕಡಿಮಿ,” ಎಂದು, ಹಿಂಬದಿಗೆ ತಿನ್ನುವುದರ ಪಟ್ಟಿ ಅಚ್ಚಾಗಿದ್ದ ಆ ಕಾಗದವನ್ನು ಕೈಗೆ ಕೊಟ್ಟಳು. ನನಗೆ ನಗು ಬಂತು. ಆಕೆ ಪೆನ್ನು ಕೆಳಗಿಟ್ಟು, “ನಗೂ ಮಾತಲ್ಲರಿ ಆಂಟಿ,” ಎಂದಳು. ನಾನೇಕೆ ನಕ್ಕೆ ಎಂಬುದನ್ನು ಆಕೆಗೆ ಹೇಳುವಷ್ಟು ಹೊತ್ತು ಇರಲಿಲ್ಲ, ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. ನಿಮಗೆ ಹೇಳಬಹುದು. ನುಚ್ಚು ಬೇಯಲು ಇನ್ನೂ ಸಾಕಷ್ಟು ಹೊತ್ತಿದೆ.

ಮನೆಗೆ ಬಂದ ಕೂಡಲೇ ಸೊಸೆ ಕೇಳಿದಳು, “ಅತ್ತೀ, ರಿಪೋರ್ಟ್ ಏನ ಬಂತರಿ?” ರಾಮದುರ್ಗದ ಹುಡುಗಿ, ಯಾವುದನ್ನೂ ಮರೆಯುವುದಿಲ್ಲ. ನಾನು, “ಎಲ್ಲಾ ಬರೋಬ್ಬರಿ ಅದ,” ಎಂದುಬಿಟ್ಟೆ. ಸುಳ್ಳು ಇಷ್ಟು ಸಲೀಸಾಗಿ ಹೊರಗೆ ಬಂದದ್ದು ನೋಡಿ ನನಗೇ ಆಶ್ಚರ್ಯವಾಯಿತು. ಸುಳ್ಳು ಹೇಳಿದರೆ ನಾಲಿಗೆ ನೀಲಿಯಾಗುತ್ತದೆ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳುತ್ತಿದ್ದರು; ಕನ್ನಡಿ ನೋಡಿಕೊಳ್ಳುವ ಧೈರ್ಯವಾಗಲಿಲ್ಲ. ಸೊಸೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ, “ದಣದೀರಿ ನೋಡ್ರಿ. ಕೂಡ್ರಿ, ಜರಾ ನುಚ್ಚು ಮಾಡತೇನಿ, ಹಗುರ ಆಗತೈತಿ,” ಎಂದು ಒಳಗೆ ಹೋದಳು. ಹಗುರ! ಆ ಮಾತು ಕೇಳಿ ನಾನು ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಿ ಬಿದ್ದೆ.

ನಾನು ಬೆಳಗಾವಿಯಲ್ಲಿ ಕಾನ್ವೆಂಟ್ ಓದಿದವಳು. ಈ ಮಾತನ್ನು ಈಗ ಸಂಕೋಚದಿಂದ ಹೇಳುತ್ತೇನೆ, ಆಗ ಬಹಳ ಹೆಮ್ಮೆಯಿಂದ ಹೇಳುತ್ತಿದ್ದೆ. ನಮ್ಮ ಹೋಮ್ ಸೈನ್ಸ್ ಕ್ಲಾಸಿನ ಗೋಡೆಯ ಮೇಲೆ ಆಹಾರದ ಒಂದು ಚಾರ್ಟ್ ತೂಗಿತ್ತು. ಬ್ರೆಡ್ಡು, ಬಟಾಟೆ, ಬೆಣ್ಣೆ, ಮೀನು, ಸೇಬು, ಒಂದು ಮೂಲೆಯಲ್ಲಿ ಬಿಳಿ ಬಟ್ಟಲಿನ ತುಂಬ ಅನ್ನ. ಆ ಚಾರ್ಟನ್ನು ನೋಡಿ ನೋಡಿ ಯಾವುದು ಶಕ್ತಿ ಕೊಡುತ್ತದೆ, ಯಾವುದು ಮೈ ಬೆಳೆಸುತ್ತದೆ ಎಂದು ನಿದ್ದೆಯಲ್ಲೂ ಹೇಳುತ್ತಿದ್ದೆ. ಅದರಲ್ಲಿ ಜೋಳ ಇರಲಿಲ್ಲ. ಜೋಳ ಇಲ್ಲ ಎಂಬುದು ನನ್ನ ಗಮನಕ್ಕೂ ಬರಲಿಲ್ಲ. ಮನೆಗೆ ಹೋಗಿ ದಿನವೂ ರೊಟ್ಟಿಯನ್ನೇ ತಿನ್ನುತ್ತಿದ್ದ ಹುಡುಗಿಗೆ ಅದೊಂದು ಕೊರತೆ ಎಂದು ಅನಿಸಲೇ ಇಲ್ಲ, ನೋಡಿ.

ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಬೈಲಹೊಂಗಲಕ್ಕೆ ಬಂದೆ. ಇಲ್ಲಿ ಜೋಳ ಚಾರ್ಟಿನಲ್ಲಿ ಇರಲಿಲ್ಲ, ಚಾರ್ಟೇ ಜೋಳದ್ದಾಗಿತ್ತು. ಒಬ್ಬರು ಹೇಗಿದ್ದಾರೆ ಎಂದು ಕೇಳಿದರೆ ಎಷ್ಟು ರೊಟ್ಟಿ ತಿನ್ನುತ್ತಿದ್ದಾರೆ ಎಂದು ಉತ್ತರ. ಜಡ್ಡಾದವರು ಎದ್ದು ಕೂತರೆ “ಅರ್ಧಾ ರೊಟ್ಟಿ ಹೋಗಾಕತ್ತೈತಿ” ಎಂದು ಓಣಿಯಲ್ಲಿ ಸುದ್ದಿ. ರೊಟ್ಟಿ ಹೋಗದಷ್ಟು ಜಡ್ಡಾದರೆ ನುಚ್ಚು. ಒಡೆದ ಜೋಳವನ್ನು ಮೆತ್ತಗೆ ಬೇಯಿಸಿ, ಮಜ್ಜಿಗೆಯಲ್ಲಿ ಕಲಸಿ, ಉಪ್ಪು ಹಾಕಿ, ಜೀರಿಗೆ ಉದುರಿಸಿ ಕುಡಿಸುತ್ತಾರೆ. ಜ್ವರ ಬಂದವರಿಗೆ ನುಚ್ಚು, ಹಡೆದವರಿಗೆ ನುಚ್ಚು, ಮದುವೆ ಊಟ ಹೆಚ್ಚಾದವರಿಗೆ ಮರುದಿನ ನುಚ್ಚು. ಅದು ಊಟದ ಸಾಲಿಗೆ ಸೇರಿದ್ದಲ್ಲ, ಗುಳಿಗೆಯ ಸಾಲಿಗೆ ಸೇರಿದ್ದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಅತ್ತೆ ಮುನವಳ್ಳಿಯ ಹೆಣ್ಣು. ಎತ್ತರದ ಆಳು, ದೊಡ್ಡ ಅಂಗೈ. ಅವರು ರೊಟ್ಟಿ ಬಡಿಯುವ ಸದ್ದಿಗೆ ನಾಲ್ಕು ಮನೆ ಆಚೆಯವರು ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ಅವರ ರೊಟ್ಟಿ ಗಂಗಾಳದ ಅಂಚು ದಾಟಿ ಹೊರಗೆ ಚಾಚುತ್ತಿತ್ತು; ಊಟದ ತಟ್ಟೆಗೆ ನಾವು ಗಂಗಾಳ ಎನ್ನುತ್ತೇವೆ. ನಾನು ಬಡಿದದ್ದು ಅಂಗೈ ಬಿಟ್ಟು ಹಿಗ್ಗುತ್ತಿರಲಿಲ್ಲ. ಮೊದಲ ದಿನ ಅದನ್ನು ಎತ್ತಿ ಬೆಳಕಿಗೆ ಹಿಡಿದು, “ಇದ ಕಾನ್ವೆಂಟಿನ ರೊಟ್ಟಿ. ಸಣ್ಣದೈತಿ, ಗುಂಡಗೈತಿ, ಏನ ಕೇಳಿದ್ರೂ ಮಾತಾಡೂದಿಲ್ಲ,” ಎಂದರು. ಬೈಗುಳವೋ ಚೇಷ್ಟೆಯೋ ತಿಳಿಯದೆ ನಾನು ಒಲೆಯ ಮುಂದೆ ಕಣ್ಣೀರಿಟ್ಟೆ. ಹೊಗೆಯೆಂದು ಅಂದುಕೊಂಡಿರಬೇಕು, ಅವರು ಕಿಟಕಿ ತೆರೆದರು.

ಅತ್ತೆಯ ಎಡಗಣ್ಣಿನಲ್ಲಿ ಚಿಕ್ಕಂದಿನಿಂದಲೂ ಬಿಳಿ ಹೂವು ಇತ್ತು, ಅದರಿಂದ ಏನೂ ಕಾಣುತ್ತಿರಲಿಲ್ಲ. ಬಲಗಣ್ಣು ಒಂದರಲ್ಲೇ ಅವರು ಮನೆ, ಹೊಲ, ದನ, ಕೂಲಿಯವರು, ನಾಲ್ಕು ಮಕ್ಕಳ ಮದುವೆ ಎಲ್ಲವನ್ನೂ ನೋಡಿ ಮುಗಿಸಿದ್ದರು. ಮಧ್ಯಾಹ್ನ ಊಟವಾದ ಮೇಲೆ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತಿದ್ದರು. ಅವರ ಹೊಲಿಗೆಯ ಟಾಕು ಇರುವೆಯ ಸಾಲಿನ ಹಾಗೆ, ಒಂದೇ ಅಂತರ, ಒಂದೇ ಓರೆ. ಹೊಸ ಶತಮಾನ ಬಂದ ಹೊಸತರಲ್ಲಿ ಒಂದು ದಿನ ನನ್ನನ್ನು ಕರೆದು, “ಯವ್ವಾ, ಈ ಸೂಜಿಗಿ ದಾರಾ ಹಾಕಿ ಕೊಡು, ಬಿಸಲ ಸರಿ ಇಲ್ಲ,” ಎಂದರು. ಮರುದಿನ ಎರಡು ಸೂಜಿ. ಆಮೇಲೆ ದಿನವೂ ಬೆಳಿಗ್ಗೆ ಹತ್ತು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಡುವುದು ನನ್ನ ಕೆಲಸವಾಯಿತು. ಹತ್ತೂ ಮುಗಿದ ಮೇಲೆ ಅವರು ಹನ್ನೊಂದನೆಯದನ್ನು ಕೇಳುತ್ತಿರಲಿಲ್ಲ. ಕೌದಿ ಮಡಚಿ ಗೋಡೆಗೆ ಒರಗಿ ಕೂತುಬಿಡುತ್ತಿದ್ದರು. ಬಿಸಿಲು ಸರಿಯಾಗಿಯೇ ಇತ್ತು. ಟಾಕುಗಳು ಇರುವೆಯ ಸಾಲು ಬಿಟ್ಟು ಅಲ್ಲಲ್ಲಿ ಚದುರಿದ್ದನ್ನು ನಾನು ಕಂಡೆ, ಕಂಡರೂ ಹೇಳಲಿಲ್ಲ.

ಬೆಳಗಾವಿಗೆ ಕರೆದುಕೊಂಡು ಹೋದೆವು. ಕಣ್ಣಿನ ಡಾಕ್ಟರು ಪೊರೆ ಬಂದಿದೆ, ತೆಗೆದರೆ ಕಾಣುತ್ತದೆ ಎಂದರು. ಆದರೆ ಸಕ್ಕರೆ ಬಹಳ ಏರಿದೆ, ಅದು ಇಳಿಯುವವರೆಗೆ ಕಣ್ಣು ಮುಟ್ಟುವುದಿಲ್ಲ ಎಂದೂ ಹೇಳಿದರು. “ಇವರಿಗೆ ಇರೋದು ಒಂದೇ ಕಣ್ಣು. ಗಾಯ ಮಾಯದಿದ್ದರೆ ಇದೂ ಹೋಗುತ್ತದೆ.” ಈ ಮಾತನ್ನು ಅವರು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಬಸ್ಸಿನಲ್ಲಿ ಅತ್ತೆ ಕೇಳಿದರು, “ಏನಂದಾ ಅವಾ?” ನಾನು, “ಸಕ್ಕರಿ ಇಳಿಸಿದ್ರ ಆಪರೇಶನ್ ಮಾಡತೇನಿ ಅಂದಾರರಿ,” ಎಂದೆ. “ಅಷ್ಟ ಮಾತಿಗಿ ಅಷ್ಟ ಹೊತ್ತ ಆಯ್ತನು?” ಎಂದು ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಏನು ಕಾಣುತ್ತಿತ್ತೋ.

ಬೈಲಹೊಂಗಲದ ನಮ್ಮ ಮಾಮೂಲಿ ಡಾಕ್ಟರು ವಯಸ್ಸಾದವರು, ನಿಧಾನ ಮಾತಿನವರು. ಗುಳಿಗೆ ಬರೆದುಕೊಟ್ಟು, ಕನ್ನಡಕ ಹಣೆಗೇರಿಸಿ ಅತ್ತೆಗೆ ಹೇಳಿದರು:

“ಅವ್ವಾರ, ಗುಳಿಗಿ ಅರ್ಧಾ ಕೆಲಸಾ ಮಾಡತೈತಿ. ಉಳಿದ ಅರ್ಧಾ ನಿಮ್ಮ ಗಂಗಾಳ ಮಾಡಬೇಕು. ಹೊತ್ತಿಗೆ ಒಂದ ರೊಟ್ಟಿ. ಅನ್ನ ಬಂದ್. ಗೋದಿ ಹುಗ್ಗಿ, ಸಾಬೂದಾಣಿ, ಬಟಾಟಿ ಬಂದ್. ತಪ್ಪಲ ಪಲ್ಯಾ, ಕಾಳು, ಮೊಸರು, ಮಜ್ಜಿಗಿ, ಇವಕ್ಕ ಹೆದರಬ್ಯಾಡ್ರಿ.”

“ಒಂದ ರೊಟ್ಟಿ ಅಂದ್ರ ಯಾರ ರೊಟ್ಟಿರಿ? ನಂದೋ, ಇಕಿದೋ?” ಎಂದು ಅತ್ತೆ ನನ್ನ ಕಡೆ ಬೆರಳು ತೋರಿಸಿದರು.

ಡಾಕ್ಟರು ನಕ್ಕರು. “ಸೊಸೀದ. ರೊಟ್ಟಿನೂ ಸಕ್ಕರಿನರಿ ಅವ್ವಾರ. ಹೊಟ್ಟ್ಯಾಗ ಹ್ವಾದ ಮ್ಯಾಲೆ ಬೆಲ್ಲಕ್ಕೂ ರೊಟ್ಟಿಗೂ ಬಾಳ ಫರಕ ಉಳಿಯೂದಿಲ್ಲ.”

ಅತ್ತೆಯ ಮುಖ ನೀವು ನೋಡಬೇಕಿತ್ತು. ತವರುಮನೆಯವರ ಬಗ್ಗೆ ಯಾರೋ ಹಗುರವಾಗಿ ಮಾತಾಡಿದ ಹಾಗೆ ಬಿಗಿಯಾಯಿತು. ಮೆಟ್ಟಿಲು ಇಳಿಯುವಾಗ ಗೊಣಗಿದರು, “ರೊಟ್ಟಿ ಅಂದ್ರ ಸಕ್ಕರಿ ಅಂತ! ಈ ಮನಶ್ಯಾ ಎಂದರ ರೊಟ್ಟಿ ತಿಂದಾನೋ ಇಲ್ಲೋ!”

ಡಾಕ್ಟರು ಔಷಧ ಕಂಪನಿಯವರು ಕೊಟ್ಟಿದ್ದ ಒಂದು ಇಂಗ್ಲಿಷ್ ಪಟ್ಟಿಯನ್ನೂ ನನ್ನ ಕೈಗೆ ಕೊಟ್ಟಿದ್ದರು. ಏನು ತಿನ್ನಬಹುದು, ಏನು ಬಾರದು ಎಂದು ಎರಡು ಕಾಲಂ. ಮನೆಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ, ನಾನು ಮತ್ತು ನನ್ನ ಗಂಡ. ಗಂಡ ಪತ್ರಿಕೆ ಬಿಟ್ಟು ಬೇರೇನೂ ಓದುವವರಲ್ಲ. ಹಾಗಾಗಿ ಅತ್ತೆಯ ಹೊಟ್ಟೆಯ ಆಡಳಿತ ನನ್ನ ಕೈಗೆ ಬಂತು. ಪಟ್ಟಿಯನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ. ಎರಡನೆಯ ಸಾಲಿನಲ್ಲಿ ಮೊಟ್ಟೆ, ಮೀನು ಎಂದಿತ್ತು. ಲಿಂಗಪೂಜೆ ಮಾಡದೆ ನೀರು ಮುಟ್ಟದವರ ಮುಂದೆ ಆ ಸಾಲು ಓದಲಿಲ್ಲ, ಕೆಮ್ಮಿ ಮೂರನೆಯದಕ್ಕೆ ಹೋದೆ. “ಎರಡನೇದು ಏನಿತ್ತವಾ?” ಎಂದರು ಅತ್ತೆ. ಕಣ್ಣು ಮಂಜಾದವರ ಕಿವಿ ಚುರುಕು. “ಅದು ಬ್ಯಾರೆ ಮಂದಿಗೆರಿ,” ಎಂದೆ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಚೌಕವಿರುತ್ತದಲ್ಲ, ಅದರಲ್ಲಿ ಪೆನ್ಸಿಲಿನಿಂದ ಅತ್ತೆ ತಿಂದ ರೊಟ್ಟಿಯ ಲೆಕ್ಕ ಬರೆಯತೊಡಗಿದೆ. ಮಧ್ಯಾಹ್ನ ಒಂದು, ರಾತ್ರಿ ಒಂದು. ಅಕ್ಷರ ಗುಂಡಗೆ, ಸಾಲು ನೇರ. ಸಿಸ್ಟರ್ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಅತ್ತೆ ಒಂದು ದಿನವೂ ಹಟ ಮಾಡಲಿಲ್ಲ. ಒಂದು ರೊಟ್ಟಿ ಮುಗಿದ ಮೇಲೆ ಗಂಗಾಳದಲ್ಲಿ ಖಾಲಿ ಜಾಗದ ಮೇಲೆ ಕೈಯಿಟ್ಟು ಸುಮ್ಮನೆ ಕೂರುತ್ತಿದ್ದರು, ಅಷ್ಟೇ. ಸಂಜೆ ಐದರ ಹೊತ್ತಿಗೆ ಅವರಿಗೆ ಕೈಕಾಲು ನಡುಗುವಷ್ಟು ಹಸಿವಾಗುತ್ತಿತ್ತು. ಹಸಿವು ಎಂದು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹಿತ್ತಿಲಿಗೆ ಹೋಗಿ ಬಾರೆಹಣ್ಣಿನ ಗಿಡದ ಕೆಳಗೆ ಕೂರುತ್ತಿದ್ದರು. ಎಲೆ ಉದುರಿದ್ದನ್ನು ಒಂದೊಂದಾಗಿ ಆರಿಸಿ ಗುಂಪು ಮಾಡುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ. ಮಜ್ಜಿಗೆಗೆ ಹೆದರಬೇಡಿ ಎಂದು ಡಾಕ್ಟರೇ ಹೇಳಿದ್ದರಲ್ಲ, ಮಜ್ಜಿಗೆ ಕೊಟ್ಟೆ. ಬರೀ ಮಜ್ಜಿಗೆ ಹೊಟ್ಟೆಗೆ ತಾಳುತ್ತದೆಯೇ? ಅದಕ್ಕೆ ಎರಡು ಸೌಟು ನುಚ್ಚು ಹಾಕಿದೆ. ನುಚ್ಚು ಹಗುರ, ಜಡ್ಡಿನವರ ಆಹಾರ. ಅದು ಪಟ್ಟಿಯ ಯಾವ ಕಾಲಮ್ಮಿನಲ್ಲೂ ಇರಲಿಲ್ಲ, ನಮ್ಮ ಶಾಲೆಯ ಚಾರ್ಟಿನಲ್ಲೂ ಇರಲಿಲ್ಲ. ದೊಡ್ಡ ಸ್ಟೀಲಿನ ಲೋಟದ ತುಂಬ ಬೆಳಿಗ್ಗೆ ಹನ್ನೊಂದಕ್ಕೆ ಒಂದು, ಸಂಜೆ ಒಂದು, ಮಲಗುವ ಮುಂಚೆ ಒಂದು. ಎರಡು ಸೌಟು ಯಾವಾಗ ನಾಲ್ಕಾಯಿತೋ ನನಗೂ ತಿಳಿಯಲಿಲ್ಲ. ಅತ್ತೆ ಕುಡಿದು ಮೀಸೆಯ ಹಾಗೆ ಅಂಟಿದ್ದನ್ನು ಸೆರಗಿನಿಂದ ಒರೆಸಿಕೊಂಡು, “ಪುಣ್ಯಾ ಬರಲಿ ನಿನಗ,” ಎನ್ನುತ್ತಿದ್ದರು. ಕ್ಯಾಲೆಂಡರಿನಲ್ಲಿ ನಾನು ‘ಮಜ್ಜಿಗೆ’ ಎಂದು ಬರೆದೆ.

ಒಂದು ತಿಂಗಳಿಗೆ ರಕ್ತ ತಪಾಸಣೆಯಾಯಿತು. ಸಕ್ಕರೆ ಇಳಿದಿರಲಿಲ್ಲ. ತುಸು ಏರಿತ್ತು ಕೂಡ.

ಈಗ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಗುಳಿಗೆ ಸರಿ, ರೊಟ್ಟಿ ಸರಿ, ಮತ್ತೆ ಸಕ್ಕರೆ ಎಲ್ಲಿಂದ ಬರುತ್ತದೆ? ನನ್ನ ಕಣ್ಣು ಬೆಲ್ಲದ ಡಬ್ಬಿಯ ಮೇಲೆ ಬಿತ್ತು. ಅದು ಯಾವಾಗಲೂ ಕೆಳಗಿನ ಹಲಗೆಯ ಮೇಲೆ, ಅತ್ತೆಯ ಕೈಗೆ ಎಟುಕುವ ಜಾಗದಲ್ಲಿ ಇರುತ್ತಿತ್ತು. ಮನೆಗೆ ಯಾರೇ ಬಂದರೂ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡುವುದು ಅವರ ಪದ್ಧತಿ. ನಾನು ಮೊದಲು ಒಳಗಿನ ದೊಡ್ಡ ಚೂರಿನ ಚೂಪು ತುದಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು, ಸಂಜೆ ಬಂದು ನೋಡಿದೆ. ಇಟ್ಟ ಹಾಗೆಯೇ ಇತ್ತು, ಯಾರೂ ಮುಟ್ಟಿರಲಿಲ್ಲ. ಆದರೂ ಸಂಶಯ ಹೋಗಲಿಲ್ಲ. ಮೂರನೆಯ ದಿನ ಡಬ್ಬಿಯನ್ನೇ ಎತ್ತಿ ಎಲ್ಲಕ್ಕೂ ಮೇಲಿನ ಹಲಗೆಗೆ ಇಟ್ಟೆ.

ಮರುದಿನ ಅತ್ತೆಯ ಕೈ ಕೆಳಗಿನ ಹಲಗೆಯ ಮೇಲೆ ತಡಕಾಡಿತು. ಉಪ್ಪಿನ ಡಬ್ಬಿ, ಖಾರದ ಡಬ್ಬಿ, ಆಮೇಲೆ ಖಾಲಿ ಜಾಗ. ಅಲ್ಲಿ ಕೈ ನಿಂತಿತು. “ಬೆಲ್ಲದ ಡಬ್ಬಿ ಎಲ್ಲಿ ಹೋತ?” ಎಂದರು. “ಇರವಿ ಬರಾಕತ್ತಿದ್ದುವರಿ ಅತ್ತೀ, ಮ್ಯಾಲೆ ಇಟ್ಟೇನಿ,” ಎಂದೆ. ಅವರು “ಹೂಂ” ಎಂದರು. ಮತ್ತೆ ಕೇಳಲಿಲ್ಲ. ಆ ಹೊತ್ತು ಬಂದಿದ್ದ ನೆರೆಮನೆಯವರಿಗೆ ಬರೀ ನೀರು ಕೊಟ್ಟು ಕಳಿಸಿದರು.

ಅದೇ ವಾರ ಅತ್ತೆಯ ತಂಗಿ ಯರಗಟ್ಟಿಯಿಂದ ಬಂದರು. ನಾನು ಅವರಿಗೆ ಸಣ್ಣತ್ತಿ ಎನ್ನುತ್ತೇನೆ. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು, ಆದರೆ ಮನಸ್ಸು ಕಾಣುವ ಮೊದಲು ಬಾಯಿ ಕೇಳಿಸುತ್ತದೆ. ಊಟಕ್ಕೆ ಕೂತಾಗ ಅಕ್ಕನ ಗಂಗಾಳ ನೋಡಿ ಎದೆ ಬಡಿದುಕೊಂಡರು.

“ಅಯ್ಯ ನಮ್ಮವ್ವಾ, ಇದೇನ ಇದು? ಮದವ್ಯಾಗ ಕೂಸಿನ ಮುಂದ ಇಡೂ ಗಂಗಾಳ ಇದ್ದಂಗ ಐತಲ್ಲ! ಹೊಲಕ್ಕ ಬುಟ್ಟಿಗಟ್ಲೆ ರೊಟ್ಟಿ ಹೊತ್ತಾಕಿ ನೀ, ನಿನಗ ಒಂದ ರೊಟ್ಟಿ?”

“ಡಾಕ್ಟರ್ ಹೇಳ್ಯಾರ,” ಎಂದರು ಅತ್ತೆ.

“ಡಾಕ್ಟರ್ ಹೇಳ್ಯಾರೋ, ಸೊಸಿ ಹೇಳ್ಯಾಳೋ? ಇಂಗ್ಲೀಷ ಕಲತಾಕಿ, ಅತ್ತಿಗಿ ಇಂಗ್ಲೀಷನ್ಯಾಗ ಉಣ್ಣಾಕ ನೀಡತಾಳ ನೋಡು! ನಾಳೆ ಚಮಚಾ ಕೊಟ್ಟಾಳು, ಹುಷಾರ.”

ನನ್ನ ಕೈಯಲ್ಲಿದ್ದ ಪಲ್ಯದ ಸೌಟು ಅಲ್ಲೇ ನಿಂತಿತು. ಅತ್ತೆ ತಲೆ ಎತ್ತದೆ ಹೇಳಿದರು, “ಸುಮ್ನ ಉಣ್ಣ ನೀ. ಆಕಿ ಕೊಟ್ಟಷ್ಟ ನಾ ಉಣ್ಣತೇನಿ. ನನ್ನ ಕಣ್ಣ ಆಕಿ ಕೈಯಾಗ ಐತಿ.”

ಆ ಮಾತು ನನಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ಮೇಲಿನ ಹಲಗೆಯ ಡಬ್ಬಿ ನೆನಪಾಯಿತು.

ಎರಡನೆಯ ತಿಂಗಳೂ ಸಕ್ಕರೆ ಇಳಿಯಲಿಲ್ಲ. ಈ ಸಲ ಡಾಕ್ಟರು ಹಣೆಯ ಕನ್ನಡಕವನ್ನು ಕೆಳಗಿಳಿಸಿದರು. ಬೆಳಿಗ್ಗೆ ಎದ್ದದ್ದರಿಂದ ಮಲಗುವವರೆಗೆ ಬಾಯಿಗೆ ಹೋದದ್ದನ್ನೆಲ್ಲ ಹೇಳಿ ಎಂದರು. ನಾನು ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದಿದ್ದೆ. ಬಿಚ್ಚಿ ಓದಿದೆ. ನಮ್ಮ ಹಿಂದೆ ಬೆಂಚಿನ ಮೇಲೆ ನಾಲ್ಕಾರು ಜನ ಕೂತು ಕೇಳುತ್ತಿದ್ದರು. ಅಲ್ಲಿ ಪರದೆ ಗಿರದೆ ಏನೂ ಇರಲಿಲ್ಲ.

“ಮಜ್ಜಿಗಿ ಮೂರ ಸಲ. ಬರೇ ಮಜ್ಜಿಗಿನರಿ?” ಎಂದು ಕೇಳಿದರು ಡಾಕ್ಟರು.

“ಹೌದ್ರಿ. ಅದರಾಗ ಜರಾ ನುಚ್ಚು…” ಎಂದೆ. ಹೇಳುತ್ತಿದ್ದ ಹಾಗೆಯೇ ನನ್ನ ಕಿವಿ ಬಿಸಿಯಾಯಿತು. ಆ ಒಂದು ಗಳಿಗೆಯಲ್ಲಿ ನನಗೆ ಎಲ್ಲ ತಿಳಿಯಿತು. ಜೋಳ ಬೀಸಿದರೆ ಹಿಟ್ಟು, ಒಡೆದರೆ ನುಚ್ಚು. ಹಿಟ್ಟನ್ನು ಗಂಗಾಳದಿಂದ ತೆಗೆದು, ಅದೇ ಜೋಳವನ್ನು ಲೋಟದಲ್ಲಿ ಹಾಕಿ ನಾನೇ ಕುಡಿಸುತ್ತಿದ್ದೆ.

“ಜರಾ ಅಂದ್ರ ಎಷ್ಟರಿ? ನುಚ್ಚು ಜೋಳದ್ದ ಅಲ್ಲೇನ್ರಿ? ಯಾರ ಹಾಕಿದ್ರು?” ಡಾಕ್ಟರ ದನಿ ಏರಿತು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, “ನಾನರಿ. ಇಕಿ ಮಜ್ಜಿಗಿ ಕೊಟ್ಟ ಆಚೀಕಡೆ ಹೋದ್ಲಂದ್ರ ನಾನ ಗಡಿಗ್ಯಾಗಿಂದ ಕದ್ದ ಹಾಕ್ಕೊಂಡ ಕುಡೀತಿದ್ನಿರಿ. ಇಕಿಗಿ ಮೊನ್ನೆ ಮೊನ್ನೆ ಗೊತ್ತಾತು.”

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದು ನಕ್ಕರು. ಡಾಕ್ಟರು ಅತ್ತೆಗೆ ಬೈದರು, ಚೆನ್ನಾಗಿಯೇ ಬೈದರು. “ಇರೂದ ಒಂದ ಕಣ್ಣು. ಅದನ್ನೂ ನಿಮ್ಮ ಕೈಯ್ಯಾರೆ ಕಳಕೋತೀರಿ ನೋಡ್ರಿ. ಸೊಸಿ ಪಾಪ ಇಷ್ಟ ಬರದ ಇಟ್ಟಾಳ, ನೀವು ನೋಡಿದ್ರ ಕಳವು ಮಾಡಾಕ ಹತ್ತೀರಿ!” ಅತ್ತೆ ತಲೆ ತಗ್ಗಿಸಿ, “ತಪ್ಪಾತರಿ,” ಎಂದರು. ಅವರು ಯಾರಿಗೂ ತಪ್ಪಾಯಿತು ಎಂದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಇರುವ ಒಂದು ಕಣ್ಣೂ ಹೋಗಬಹುದು ಎಂಬ ಮಾತನ್ನು ಬಸ್ಸಿನಲ್ಲಿ ನಾನು ನುಂಗಿದ್ದೆ. ಅದು ಹೀಗೆ ಹತ್ತು ಜನರೆದುರು ಅವರ ಕಿವಿಗೆ ಬಿತ್ತು.

ಮತ್ತೆ ನಾನು? ನಾನು ಸುಮ್ಮನಿದ್ದೆ. ಕ್ಯಾಲೆಂಡರನ್ನು ಸುರುಳಿ ಸುತ್ತುತ್ತ ಸುಮ್ಮನಿದ್ದೆ. ಸುಳ್ಳಿಗೆ ನಾಲಿಗೆ ನೀಲಿಯಾಗುವುದಾದರೆ ಸುಮ್ಮನಿದ್ದದ್ದಕ್ಕೆ ಏನಾಗುತ್ತದೆ ಎಂದು ಸಿಸ್ಟರ್ ಹೇಳಿಕೊಟ್ಟಿರಲಿಲ್ಲ.

ಮನೆಯ ದಾರಿ ಉದ್ದವೇನಲ್ಲ. ಬಾಳೆಹಣ್ಣಿನ ಗಾಡಿಗಳನ್ನು ದಾಟಿ ನಮ್ಮ ಓಣಿಗೆ ತಿರುಗಿದೆವು. ಅತ್ತೆ ನನ್ನ ಮೊಣಕೈ ಹಿಡಿದು ನಡೆಯುತ್ತಿದ್ದರು. ಆಗ ಕೇಳಿದೆ, “ಹಂಗ ಯಾಕ ಹೇಳಿದ್ರಿ ಅತ್ತೀ? ನೀವ ಎಲ್ಲಿ ಕದ್ದೀರಿ? ನಾನ ಮಾಡಿ ಕೊಟ್ಟೇನಲ್ಲರಿ.”

“ಹಿಂದ ಅಷ್ಟ ಮಂದಿ ಕುಂತಿದ್ರು. ನಿನ್ನ ಮಾರಿ ನನಗ ಕಾಣಲಿಲ್ಲ ಖರೆ, ಕೈ ನಡಗಾಕತ್ತಿದ್ದು ಕಾಗದದ ಸಪ್ಪಳದಾಗ ಗೊತ್ತಾತು. ನಾ ಮುದುಕಿ, ಬೈಸಿಕೊಂಡ್ರ ಏನ ಸವೀತೈತಿ? ನೀ ಇನ್ನೂ ಇದ ಊರಾಗ ಬಾಳೇವು ಮಾಡಾಕಿ.” ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಹೇಳಿದರು, “ನನಗಾರ ಎಲ್ಲಿ ಗೊತ್ತಿತ್ತು? ನುಚ್ಚು ಅಂದ್ರ ಔಷಧ ಅಂತನ ನಾನೂ ಕುಡದೇನಿ. ನಮ್ಮವ್ವ ನನಗ ಕೊಟ್ಲು, ನಾ ನನ್ನ ಮಕ್ಕಳಿಗಿ ಕೊಟ್ಟೆ, ನೀ ನನಗ ಕೊಟ್ಟಿ.”

ಮನೆಯ ಕಟ್ಟೆ ಬಂತು. ಮೊದಲ ಮೆಟ್ಟಿಲಿಗೆ ಕಾಲಿಡುವ ಮೊದಲು ಅತ್ತೆ ನಿಂತರು. “ಆದ್ರ ಯವ್ವಾ, ಬೆಲ್ಲದ ಡಬ್ಬಿ ಕೆಳಗ ಇಡು. ಮನಿಗಿ ಬಂದವ್ರಿಗಿ ಬರೇ ನೀರ ಕೊಡಾಕ ನನಗ ಆಗವಲ್ತು.”

ಇರುವೆಯ ಕಥೆಯನ್ನು ಅವರು ಒಂದು ದಿನವೂ ನಂಬಿರಲಿಲ್ಲ. ನಾನು ಒಳಗೆ ಹೋಗಿ ಸ್ಟೂಲು ಹತ್ತಿ ಡಬ್ಬಿ ಇಳಿಸಿದೆ. ಒಳಗಿನ ಚೂರು ನಾನು ತಿರುಗಿಸಿಟ್ಟ ಹಾಗೆಯೇ ಗೋಡೆಯ ಕಡೆ ಮುಖ ಮಾಡಿತ್ತು.

ಊರು ಸಣ್ಣದು, ಸುದ್ದಿಗೆ ಬಸ್ಸು ಬೇಡ. ಸಣ್ಣತ್ತಿ ಮುಂದಿನ ಸಲ ಬಂದಾಗ ಹೊಸ್ತಿಲಲ್ಲೇ ಶುರು ಮಾಡಿದರು, “ಏನಕ್ಕಾ, ನುಚ್ಚ ಕದ್ದ ಕುಡದಿಯಂತ! ಯರಗಟ್ಟಿ ತನಕಾ ಬಂತ ಸುದ್ದಿ. ಕಳವು ಮಾಡೂದ ಇದ್ರ ಹೋಳಿಗಿ ಮಾಡಬೇಕಿಲ್ಲ, ನುಚ್ಚು ಯಾರ ಕದೀತಾರ?” ಅತ್ತೆ ತಂಗಿಗೆ ಕೊಡಲು ಬೆಲ್ಲದ ಡಬ್ಬಿಗೆ ಕೈ ಹಾಕಿದರು. ಈಗಲೂ ಸುಮ್ಮನಿದ್ದರೆ ನಾನು ಜೀವಮಾನವೆಲ್ಲ ಸುಮ್ಮನಿರಬೇಕಾಗುತ್ತದೆ ಎನಿಸಿತು. “ಸಣ್ಣತ್ತೀ, ಅತ್ತಿ ಕದ್ದಿಲ್ಲರಿ. ನಾನ ದಿನಾ ಮೂರ ಲೋಟಾ ಮಾಡಿ ಕೊಟ್ಟೇನಿ. ನುಚ್ಚು ಜೋಳದ್ದು ಅಂತ ನನ್ನ ತಲಿಗೆ ಹೊಳೀಲಿಲ್ಲ. ಡಾಕ್ಟರ ಮುಂದ ಅತ್ತಿ ನನ್ನ ತಪ್ಪ ತಮ್ಮ ಮ್ಯಾಲೆ ತಗೊಂಡ್ರು,” ಎಂದೆ. ಒಂದೇ ಉಸಿರಿಗೆ ಹೇಳಿದೆ.

ಸಣ್ಣತ್ತಿ ಅಕ್ಕನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಗತೊಡಗಿದರು. “ಕಾನ್ವೆಂಟಿನ್ಯಾಗ ಎಲ್ಲಾ ಕಲಿಸ್ಯಾರ, ಜೋಳಾ ಒಂದ ಕಲಿಸಿಲ್ಲ ಬಿಡು!” ಎಂದರು. ಅತ್ತೆಯೂ ನಕ್ಕರು. ಕೊನೆಗೆ ನಾನೂ ನಕ್ಕೆ, ಮತ್ತೆ ಅತ್ತದ್ದೂ ಉಂಟು. ಆ ಸಲ ಹೊಗೆಯ ನೆಪವೂ ಇರಲಿಲ್ಲ. ಮನೆಗೆ ಗ್ಯಾಸ್ ಬಂದು ವರ್ಷಗಳಾಗಿದ್ದವು. ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರಿಗೂ ಹೇಳಿದೆ. ಅವರು ಕನ್ನಡಕ ಒರೆಸುತ್ತ, “ನನಗ ಅವತ್ತ ಗೊತ್ತಾಗಿತ್ತವಾ,” ಎಂದರಷ್ಟೆ.

ನಿಜವಾದ ಪಥ್ಯ ಶುರುವಾದದ್ದು ಆಮೇಲೆ. ಅದನ್ನು ಶುರು ಮಾಡಿದ್ದು ನಾನಲ್ಲ, ಅತ್ತೆ. ಒಂದು ಮಧ್ಯಾಹ್ನ ಗಂಗಾಳದ ಮುಂದೆ ಕೂತು, “ಅಲ್ಲವಾ, ನಾವು ಇಷ್ಟ ದಿನಾ ರೊಟ್ಟಿ ಗಂಟಲಾಗ ಇಳೀಲಿ ಅಂತ ಪಲ್ಯಾ ಹಚ್ಚಿಕೋತಿದ್ದಿವಿ. ಈಗ ಪಲ್ಯಾನ ಊಟ ಅನ್ನೂಣು. ರೊಟ್ಟಿ ಬರೇ ಚಮಚಾ. ನನ್ನ ತಂಗಿ ಹೇಳಿದ್ದ ಖರೆ ಆಗಲಿ!” ಎಂದರು. ಒಂದೇ ರೊಟ್ಟಿ, ಆದರೆ ಉಗುರಿನಷ್ಟು ಚೂರು ಮುರಿದು ಅದರ ಮೇಲೆ ಗುಡ್ಡದಷ್ಟು ಮೆಂತ್ಯದ ಪಲ್ಯ ಹೇರಿ ಬಾಯಿಗಿಡುತ್ತಿದ್ದರು. ಹಾಗಾಗಿ ನಾನು ಪಲ್ಯ ಮಾಡುವುದನ್ನು ಹೊಸದಾಗಿ ಕಲಿಯಬೇಕಾಯಿತು. ರೊಟ್ಟಿಗೆಂದು ಮಾಡಿದ ಪಲ್ಯ ಖಾರವಾಗಿ ಇರುತ್ತದೆ. ಬಟ್ಟಲುಗಟ್ಟಲೆ ತಿನ್ನುವ ಪಲ್ಯಕ್ಕೆ ಖಾರ, ಉಪ್ಪು ಅರ್ಧಕ್ಕೆ ಇಳಿಯಬೇಕು. ಪುಂಡಿ ಸೊಪ್ಪಿನ ಪಲ್ಯಕ್ಕೆ ಜೋಳದ ನುಚ್ಚು ಹಾಕುತ್ತಿದ್ದೆವು, ಅದರ ಬದಲು ಕಡಲೆಬೇಳೆ ಹಾಕಿದೆ. ಮೊಳಕೆ ಬಂದ ಮಡಕೆ ಕಾಳು, ಹೆಸರು ಕಾಳು, ಹಸಿ ಮೂಲಂಗಿ, ಸೌತೆಕಾಯಿ, ಮೇಲೆ ಕೆನೆಮೊಸರು. ಸಂಜೆ ಐದಕ್ಕೆ ಬರೀ ಮಜ್ಜಿಗೆ, ಜೊತೆಗೆ ಒಂದು ಹಿಡಿ ಹುರಿದ ಶೇಂಗಾ. ಮೊದಲ ಹದಿನೈದು ದಿನ ಅವರಿಗೆ ತಲೆನೋವು, ಸಿಡಿಮಿಡಿ. “ಹೊಟ್ಟಿ ತುಂಬೈತಿ, ಆದ್ರ ಉಂಡಂಗ ಆಗಿಲ್ಲ,” ಎನ್ನುತ್ತಿದ್ದರು. ಇದಕ್ಕಿಂತ ಸರಿಯಾಗಿ ಆ ಪಥ್ಯವನ್ನು ಯಾರೂ ವರ್ಣಿಸಿದ್ದನ್ನು ನಾನು ಕೇಳಿಲ್ಲ. ಆಮೇಲಾಮೇಲೆ ಆ ಮಾತು ನಿಂತಿತು. ಹಿತ್ತಿಲಿನಲ್ಲಿ ಎಲೆ ಆರಿಸುವುದೂ ನಿಂತಿತು. ಕ್ಯಾಲೆಂಡರಿನಲ್ಲಿ ನಾನು ಬಾಯಿಗೆ ಹೋದದ್ದನ್ನೆಲ್ಲ ಬರೆಯುತ್ತಿದ್ದೆ. ಅತ್ತೆ ಪಕ್ಕದಲ್ಲಿ ನಿಂತು, “ಎರಡ ಶೇಂಗಾ ಹೆಚ್ಚ ತಿಂದೇನಿ, ಅದನ್ನೂ ಬರಿ,” ಎನ್ನುತ್ತಿದ್ದರು.

ಸಕ್ಕರೆ ಒಂದೇ ಸಲ ಇಳಿಯಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಉಗಾದಿ ಕಳೆದ ಮೇಲೆ ಬೆಳಗಾವಿಯಲ್ಲಿ ಆಪರೇಶನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ಗೋಡೆ ನೋಡಿದರು, ಆಮೇಲೆ ನನ್ನನ್ನು. “ಇಷ್ಟ ಸೊರಗಿ ಹೋಗೀಯಲ್ಲ! ನನ್ನ ಪಥ್ಯಾ ನೀನೂ ಮಾಡಿದೇನ?” ಎಂದರು. ಒಂದು ತಿಂಗಳ ಮೇಲೆ ನಾನು ಬೆಳಿಗ್ಗೆ ಸೂಜಿಯ ದಿಂಬು ಹುಡುಕಿದರೆ ಅದು ಜಾಗದಲ್ಲಿ ಇರಲಿಲ್ಲ. ಅತ್ತೆ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಮಾಡಿ ಕೂತು, ನಾಲಿಗೆಯಿಂದ ದಾರದ ತುದಿ ಒದ್ದೆ ಮಾಡಿ, ತಾವೇ ಸೂಜಿಗೆ ಹಾಕುತ್ತಿದ್ದರು. ಆ ಕೌದಿ ಈಗ ನನ್ನ ಮಂಚದ ಮೇಲಿದೆ. ಅದರ ನಡುವೆ ಒಂದು ಮೊಳದಷ್ಟು ಜಾಗದಲ್ಲಿ ಟಾಕುಗಳು ಚದುರಿವೆ; ಬಿಚ್ಚಿ ಸರಿ ಮಾಡಿ ಎಂದರೆ, “ಇರಲಿ ಬಿಡು, ಅದೂ ನಾ ಹೊಲದದ್ದ,” ಎಂದಿದ್ದರು. ಅತ್ತೆ ಹೋಗಿ ಈಗ ಹನ್ನೆರಡು ವರ್ಷವಾಯಿತು. ಕೊನೆಯವರೆಗೂ ಕಣ್ಣು ಚೆನ್ನಾಗಿತ್ತು.

ಸೊಸೆ ಲೋಟ ತಂದಳು. ನೆನಪಿನಲ್ಲಿ ಎಷ್ಟು ಹೊತ್ತು ಹೋಯಿತೋ, ನುಚ್ಚು ಬೆಂದು, ಆರಿ, ಮಜ್ಜಿಗೆಯಲ್ಲಿ ಕಲೆತು ಬಂದಿದೆ. ಮೇಲೆ ಜೀರಿಗೆ ತೇಲುತ್ತಿದೆ. ಲೋಟದ ಹೊರಗೆ ಅಂಟಿದ್ದನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದಾಳೆ. ಕುಡಿದುಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮುಂದಿನ ತಿಂಗಳು ಆ ಡಾಕ್ಟರ್ ಹುಡುಗಿ ನನ್ನ ಸೊಸೆಗೆ, ಏನು ಕೊಡುತ್ತೀರಿ ಎಂದು ಕೇಳುತ್ತಾಳೆ. ಪಾಪ, ಇವಳ ಕಿವಿ ಬಿಸಿಯಾಗುತ್ತದೆ.

ನಾನು ಪರ್ಸು ತೆರೆದು ಕಾಗದ ತೆಗೆದೆ. “ಯವ್ವಾ, ಆ ಲೋಟಾ ಕೆಳಗ ಇಡು. ನಾ ಸುಳ್ಳ ಹೇಳಿದ್ನಿ. ಇದನ್ನ ಗಟ್ಟಿಯಾಗಿ ಓದು, ಯಾ ಸಾಲೂ ಬಿಡಬ್ಯಾಡ,” ಎಂದೆ.

ಅವಳು ಓದಿದಳು. ಎರಡನೆಯ ಸಾಲಿನಲ್ಲಿ ಈಗಲೂ ಮೊಟ್ಟೆಯೇ ಇತ್ತು. ಓದಿ ಮುಗಿಸಿ ಕಾಗದ ಮಡಚಿ ನನ್ನ ಕೈಗೆ ಕೊಟ್ಟಳು. ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು. ಅದನ್ನು ಅವಳೇ ಕುಡಿಯಲಿ ಎಂದು ಹೇಳಲು ನಾನೂ ಹಿಂದೆಯೇ ಹೋದೆ. ಅವಳು ಲೋಟವನ್ನು ಒಲೆಕಟ್ಟೆಯ ಮೇಲಿಟ್ಟು, ಬಗ್ಗಿ, ಕೆಳಗಿನ ಹಲಗೆಯಿಂದ ಬೆಲ್ಲದ ಡಬ್ಬಿಯನ್ನು ಎತ್ತಿದ್ದಳು. ಇನ್ನೊಂದು ಕೈ ಆಗಲೇ ಸ್ಟೂಲನ್ನು ಎಳೆಯುತ್ತಿತ್ತು.

“ಅದನ್ನ ಅಲ್ಲೇ ಇಡವಾ,” ಎಂದೆ.

ಸ್ಟೂಲಿನ ಸದ್ದು ನಿಂತಿತು. ಅವಳು ನನ್ನ ಮುಖ ನೋಡಿದಳು, ನಾನು ಅವಳದನ್ನು ನೋಡಿದೆ. ಡಬ್ಬಿ ಉಪ್ಪು ಮತ್ತು ಖಾರದ ಡಬ್ಬಿಗಳ ಪಕ್ಕದಲ್ಲಿ, ತನ್ನ ಹಳೆಯ ದುಂಡು ಕಲೆಯ ಮೇಲೆಯೇ, ಸರಿಯಾಗಿ ಹೋಗಿ ಕೂತಿತು.